ಗೇಟಿನ ಸ್ಪ್ರಿಂಗ್ ಮತ್ತು ತಾನೇ ಬೀಳುವ ಚಿಲಕ: ಮೂರು ಮಳೆಗಾಲ ಬಳಸಿದ ಮೇಲೆ

ನಾಯಿ ಬೀದಿಗೆ ಓಡದ ಹಾಗೆ ಗೇಟು ಹಾಕೋದನ್ನ ಮನೆಯವರು ಮರೆಯೋದು ಕಡಿಮೆ. ಮರೆಯೋದು ಬಂದು ಹೋಗುವವರು. ಮೈಸೂರಿನ 30x40 ಸೈಟಿನ ಮನೆಗೆ ಬೆಳಗಾಗುವ ಮುಂಚೆ ಹಾಲಿನವರು ಬಂದರೆ ಆಮೇಲೆ ಪೇಪರ್, ಹೂವು, ಕೊರಿಯರ್, ಸಿಲಿಂಡರ್, ತಿಂಗಳಿಗೊಮ್ಮೆ ಮೀಟರ್ ನೋಡುವವರು. ಸಣ್ಣ ಗೇಟು ದಿನಕ್ಕೆ ಎಂಟು ಹತ್ತು ಸಲ ತೆರೆಯುತ್ತೆ. ಇಷ್ಟು ಜನಕ್ಕೂ ಹೇಳಿ ಕಲಿಸೋದು ಆಗದ ಮಾತು. ಅದಕ್ಕೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಗೇಟನ್ನ ತಾನೇ ಎಳೆದು ಮುಚ್ಚುವ, ಸುಮಾರು ಒಂದಡಿ ಉದ್ದದ ಸುರುಳಿ ಸ್ಪ್ರಿಂಗ್ ಕ್ಲೋಸರ್, ಜೊತೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಚಿಲಕ. ಗೇಟು ಮೂರೂವರೆ ಅಡಿ ಅಗಲ, ಐದಡಿ ಎತ್ತರ, ಚೌಕ ಪೈಪಿನದು, ಮೂವತ್ತು ಕೆ.ಜಿ. ಆಸುಪಾಸು. ಕಾಂಪೌಂಡ್ ಒಳಗಿರೋದು ಒಂದು ಲ್ಯಾಬ್ರಡಾರ್, ಒಂದು ನಾಟಿ ನಾಯಿ.

ಸ್ಪ್ರಿಂಗ್‌ಗೆ ಐದಕ್ಕೆ ನಾಲ್ಕು ಕೊಡಬಹುದು. ಆದರೆ ಅಲ್ಡ್ರಾಪ್ (ಕೈಯಲ್ಲೇ ಎಳೆದು ಹಾಕುವ ಅಡ್ಡ ಚಿಲಕ) ಇರುವ ಹಳೇ ಗೇಟಿಗೆ ಬರೀ ಸ್ಪ್ರಿಂಗ್ ಹಾಕಿಸಿದರೆ ದುಡ್ಡು ದಂಡ. ಗೇಟು ಬಂದು ಕಂಬಕ್ಕೆ ಒರಗಿ ನಿಲ್ಲುತ್ತೆ, ಅಷ್ಟೇ. ಪೈಪಿನ ಸಂದಿಗೆ ಮುಂಗಾಲು ಹಾಕಿ ಒಳಕ್ಕೆ ಎಳೆಯೋದನ್ನ ಲ್ಯಾಬ್ರಡಾರ್ ಬಲು ಬೇಗ ಕಲಿಯುತ್ತೆ. ನಾಯಿಯನ್ನ ತಡೆಯೋದು ಮುಚ್ಚಿದ ಗೇಟಲ್ಲ, ಬಿದ್ದ ಚಿಲಕ.

ಹಾಕಿಸುವ ಮೊದಲು ಕಂಬಕ್ಕೆ ತೂಗುಗುಂಡು ಹಿಡಿದು ನೋಡಿ. ಕಂಬ ಒಳಗಡೆ ವಾಲಿದ್ದರೆ ಗೇಟು ತನ್ನ ಭಾರಕ್ಕೇ ತೆರೆದುಕೊಳ್ಳುತ್ತೆ. ಸ್ಪ್ರಿಂಗು ಆ ಭಾರದ ಜೊತೆ ದಿನವೂ ಗುದ್ದಾಡಬೇಕು. ಕೀಲು ಸವೆದು ಗೇಟು ಜೋತುಬಿದ್ದಿದ್ದರೆ ಮೊದಲು ಬೇರಿಂಗ್ ಇರುವ ಕೀಲು ಹಾಕಿಸಿ. ಇನ್ನೊಂದು: ಸ್ಪ್ರಿಂಗ್ ಕೂರುವ ಹಿಡಿಪಟ್ಟಿಗಳನ್ನ ಮೊದಲು ವೆಲ್ಡ್ ಮಾಡಿಸಿ, ತಣ್ಣಗಾದ ಮೇಲೆ ಸ್ಪ್ರಿಂಗ್ ಕೂರಿಸಬೇಕು. ಸ್ಪ್ರಿಂಗ್ ಕೂರಿಸಿಕೊಂಡೇ ಪಕ್ಕದಲ್ಲಿ ವೆಲ್ಡ್ ಹೊಡೆದರೆ ಕಾವಿಗೆ ಅದರ ಹದ ಹೋಗಿ ಸೆಟೆತ ಸಡಿಲವಾಗುತ್ತೆ. ವೆಲ್ಡ್ ಆದ ಜಾಗಕ್ಕೆ ಅವತ್ತೇ ರೆಡ್ ಆಕ್ಸೈಡ್ ಬಳಿಸಿ, ನಾಳೆ ಅಂದರೆ ಆಗಲೇ ತುಕ್ಕು.

ಬಿಗಿ ಮಾಡೋದೇ ಇದರಲ್ಲಿ ಕಲೆ. ಸ್ಪ್ರಿಂಗಿನ ತುದಿಯ ಬಳೆಯಲ್ಲಿ ತೂತುಗಳಿರುತ್ತವೆ. ಸಣ್ಣ ಕಂಬಿ ತೂರಿಸಿ, ಒಂದೊಂದೇ ತೂತಿನಷ್ಟು ತಿರುಗಿಸಿ ಪಿನ್ ಹಾಕಬೇಕು. ಮುಖ ಪಕ್ಕಕ್ಕಿರಲಿ, ಕಂಬಿ ಜಾರಿದರೆ ನೇರ ಹಲ್ಲಿಗೇ ಬರುತ್ತೆ. ಎಲ್ಲರೂ ಗೇಟನ್ನ ಪೂರ್ತಿ ತೆರೆದು ಬಿಟ್ಟು, ಧಡ್ ಅಂತ ಮುಚ್ಚಿದರೆ ಸರಿಯಾಯ್ತು ಅಂದುಕೊಳ್ಳುತ್ತಾರೆ. ಅದು ಪರೀಕ್ಷೆಯೇ ಅಲ್ಲ. ಪೂರ್ತಿ ತೆರೆದಾಗ ಸ್ಪ್ರಿಂಗು ಹೆಚ್ಚು ತಿರುಚಿಕೊಂಡಿರುತ್ತೆ, ಮುಚ್ಚುತ್ತಾ ಬಂದ ಹಾಗೆ ಬಲ ಇಳಿಯುತ್ತೆ. ಚಿಲಕವನ್ನ ಎತ್ತೋಕೆ ಬಲ ಬೇಕಾಗಿರೋದು ಆ ಕೊನೇ ಎರಡು ಇಂಚಿನಲ್ಲಿ. ಹಾಗಾಗಿ ಗೇಟನ್ನ ಒಂದು ಗೇಣು ಮಾತ್ರ ತೆರೆದು ಕೈಬಿಡಿ. ಅಲ್ಲಿಂದ ಹೋಗಿ ಚಿಲಕ ಬಿತ್ತಾ? ಸಾಕು, ಇನ್ನೊಂದು ತೂತು ಬಿಗಿ ಮಾಡಬೇಡಿ. ಹೆಚ್ಚಾದರೆ ನಾಯಿಯ ಬಾಲವೋ ಮಕ್ಕಳ ಬೆರಳೋ ಸಿಕ್ಕಿಕೊಳ್ಳುತ್ತೆ, ಬಡಿತಕ್ಕೆ ಕೀಲಿನ ವೆಲ್ಡೂ ಬಿರುಕು ಬಿಡುತ್ತೆ. ಗೇಟು ತಾಗುವ ಕಡೆ ಹಳೇ ಟೈರ್ ಟ್ಯೂಬಿನ ತುಂಡು ಅಂಟಿಸಿದರೆ ಪಕ್ಕದ ಮನೆಯವರ ನಿದ್ದೆ ಉಳಿಯುತ್ತೆ.

ಚಿಲಕ ಸರಳ. ಗೇಟಿನ ಮೇಲೆ 10 ಮಿ.ಮೀ. ಕಂಬಿಯ ನಾಲಿಗೆ, ಕಂಬದ ಮೇಲೆ ಓರೆ ಮೂತಿಯ ಕೊಕ್ಕೆ. ನಾಲಿಗೆ ಓರೆಗೆ ಬಡಿದಾಗ ಕೊಕ್ಕೆ ಎದ್ದು, ದಾಟಿದ ಮೇಲೆ ತನ್ನ ಭಾರಕ್ಕೆ ಕೆಳಗೆ ಬೀಳುತ್ತೆ. ಮೊದಲು ಮಾಡಿಸಿದ್ದು ಎರಡನೇ ಮಳೆಗಾಲಕ್ಕೆ ಕೈಕೊಟ್ಟಿತು. ಕೊಕ್ಕೆಯ ಬಾಯಿ ನಾಲಿಗೆಗೆ ಸರಿಸಮ ಇತ್ತು. ಗೇಟು ಐದಾರು ಮಿ.ಮೀ. ಇಳಿದಿದ್ದೇ ತಡ, ನಾಲಿಗೆ ಕೊಕ್ಕೆಯ ಅಡಿಗೇ ನುಗ್ಗೋಕೆ ಶುರು. ದೂರದಿಂದ ನೋಡಿದರೆ ಮುಚ್ಚಿದ ಹಾಗೇ ಕಾಣುತ್ತಿತ್ತು. ಈಗಿನ ಕೊಕ್ಕೆಯ ಬಾಯಿ ಒಂದೂವರೆ ಇಂಚು ಉದ್ದ, ಇಳಿತಕ್ಕೆ ಜಾಗ ಇದೆ. ಎತ್ತರ ನಾಲ್ಕೂವರೆ ಅಡಿಗೆ ಇಡಿಸಿ, ಒಳಗಡೆ ಅರ್ಧ ಅಡಿ ಚೌಕದ ತಗಡು ಮರೆ ಕೊಡಿಸಿ; ಎರಡು ಕಾಲಲ್ಲಿ ನಿಂತು ಮೂತಿಯಿಂದ ಕೊಕ್ಕೆ ಎತ್ತುವ ಜಾಣರೂ ಇದ್ದಾರೆ. ಗ್ರೀಸ್ ಕೀಲಿಗೆ ಮಾತ್ರ. ಕೊಕ್ಕೆಯ ತಿರುಗಣೆಗೆ ಗ್ರೀಸ್ ಬಳಿದರೆ ಧೂಳು ಮೆತ್ತಿ ಕೊಕ್ಕೆ ಬೀಳದೆ ಮೇಲೇ ನಿಲ್ಲುತ್ತೆ. ಅಲ್ಲಿಗೆ ಹೊಲಿಗೆ ಮಿಷನ್ ಎಣ್ಣೆ ಎರಡು ತೊಟ್ಟು.

ಆಷಾಢದ ಗಾಳಿ ಬೇರೆಯೇ ತಲೆನೋವು. ಪೂರ್ತಿ ತಗಡು ಹೊಡೆಸಿದ ಗೇಟಾದರೆ ಗಾಳಿ ಅದನ್ನ ಅರ್ಧಕ್ಕೇ ಹಿಡಿದು ನಿಲ್ಲಿಸುತ್ತೆ. ಅದಕ್ಕೆ ಅಂತ ಸ್ಪ್ರಿಂಗ್ ಬಿಗಿ ಮಾಡಿದರೆ ಗಾಳಿ ಇಲ್ಲದ ದಿನ ಬಾಂಬ್ ಹೊಡೆದ ಹಾಗೆ ಬಡಿಯುತ್ತೆ. ಮೇಲಿನ ಒಂದಡಿ ತಗಡು ತೆಗೆಸಿ ಜಾಲರಿ ಹಾಕಿಸೋದು ವಾಸಿ.

ಸೋಲೋದು ಎಲ್ಲಿ? ಕಲ್ಲಿಗೆ. ‘ಅಕ್ಕಾ, ಸಿಲಿಂಡರ್!’ ಅಂತ ಕೂಗಿ, ಎರಡೂ ಕೈಯಲ್ಲಿ ಭಾರ ಇರುವವರು ಗೇಟಿಗೆ ಕಲ್ಲೋ ಹೂಕುಂಡವೋ ಅಡ್ಡ ಇಟ್ಟೇ ಇಡುತ್ತಾರೆ, ತಪ್ಪಲ್ಲ. ಗೇಟಿನ ಸುತ್ತ ಕಲ್ಲು, ಕುಂಡ, ಇಟ್ಟಿಗೆ ಯಾವುದೂ ಕೈಗೆ ಸಿಗದ ಹಾಗೆ ಇಡಿ. ನೆಲದ ಸ್ಟಾಪರ್ ತೂತಿಗೆ ಸಿಮೆಂಟ್ ತುಂಬಿಸಿ. ‘ನಾಯಿ ಇದೆ, ಎಚ್ಚರಿಕೆ’ ಬೋರ್ಡಿನಿಂದ ಈ ವಿಷಯದಲ್ಲಿ ಏನೂ ಉಪಯೋಗ ಇಲ್ಲ. ಅದು ಒಳಗೆ ಬರುವವರಿಗೆ ಬರೆದದ್ದು, ಗೇಟು ತೆರೆದು ಬಿಡೋದು ಹೊರಗೆ ಹೋಗುವವರು. ಗೇಟಿನ ಒಳಮುಖಕ್ಕೆ, ಕೈ ಹಿಡಿಯುವ ಜಾಗದಲ್ಲಿ ‘ಗೇಟು ಹಾಕಿ’ ಅಂತ ಎರಡೇ ಪದ ಬರೆಸಿ.

ಸ್ಕೂಟರ್ ಇರುವವರಿಗೆ ಈ ಸ್ಪ್ರಿಂಗ್ ಕಿರಿಕಿರಿಯೇ. ಹ್ಯಾಂಡಲ್ ಹಿಡಿದು ತಳ್ಳುವಾಗ ಗೇಟು ಬಂದು ಒದೆಯುತ್ತೆ. ಸೊಂಟದಿಂದ ತಡೆದುಕೊಂಡೇ ಒಳಗೆ ಬರಬೇಕು. ಅರ್ಧ ಅಂಕ ಅದಕ್ಕೇ ಹೋಗಿದ್ದು, ಉಳಿದ ಅರ್ಧ ತುಕ್ಕಿಗೆ. ಕಾರಿನ ದೊಡ್ಡ ಗೇಟಿಗೆ ಇದು ಆಗೋದೇ ಇಲ್ಲ. ಅಲ್ಲಿ ಪೋರ್ಟಿಕೋ ದಾಟಿದ ಮೇಲೆ ನಾಲ್ಕಡಿ ಎತ್ತರದ ಜಾಲರಿಯ ಒಳಗೇಟು ಬೇಕು. ಹೊರಗೇಟು ಹಾಕಿದ ಮೇಲೆಯೇ ಒಳಗೇಟು ತೆಗೆಯುವ ರೂಢಿ. ಎರಡರ ನಡುವೆ ಕಾರು ನಿಂತು, ಗೇಟೂ ತಿರುಗುವಷ್ಟು ಜಾಗ ಇರಲಿ.

ದಸರಾಕ್ಕೆ ನೆಂಟರು ತುಂಬಿದಾಗ, ಕುಶಾಲತೋಪಿನ ತಾಲೀಮು ಶುರುವಾದಾಗ, ದೀಪಾವಳಿ ಮೂರು ದಿನ ಸ್ಪ್ರಿಂಗನ್ನ ನಂಬಬೇಡಿ. 21 ಸುತ್ತು ತೋಪಿನ ಸದ್ದಿಗೆ ಬೆದರಿದ ನಾಯಿ ಬಾಗಿಲು ಸಂದಿ ಸಿಕ್ಕರೆ ಸಾಕು, ನುಗ್ಗುತ್ತೆ. ಆ ದಿನಗಳಲ್ಲಿ ನಾಯಿ ರೂಮಿನೊಳಗೆ, ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಕೆತ್ತಿದ ಬಿಲ್ಲೆ. ಮೈಕ್ರೋಚಿಪ್ ಹಾಕಿಸಿದ್ದರೂ ಬಿಲ್ಲೆ ಬೇಕೇ ಬೇಕು. ಚಿಪ್ ಓದೋಕೆ ಸ್ಕ್ಯಾನರ್ ಬೇಕು, ಬಿಲ್ಲೆಯನ್ನ ಬೀದಿ ಕೊನೆಯ ಅಂಗಡಿಯವರೂ ಓದುತ್ತಾರೆ.

ಕೊಳ್ಳುವಾಗ ತುಕ್ಕು ಹಿಡಿಯದ ಸ್ಟೀಲಿನ ಸ್ಪ್ರಿಂಗೇ ಕೇಳಿ, ಪಿನ್ ಎರಡು ಜಾಸ್ತಿ ಇಸ್ಕೊಳ್ಳಿ. ಪಿನ್ ಕಳೆದಾಗ ಮೊಳೆ ತುರುಕಿದರೆ ನಾಲ್ಕು ದಿನಕ್ಕೆ ಕತ್ತರಿಸಿ, ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಳ್ಳುತ್ತೆ.