ಇಲಿ ಆಸ್ಟಿಯೋಕ್ಯಾಲ್ಸಿನ್ ಎಲಿಸಾ ಕಿಟ್: ನಾಲ್ಕು ವರ್ಷ ಬಳಸಿದ ಮೇಲೆ

ನಾಲ್ಕು ವರ್ಷದಿಂದ ಒಂದೇ ಕಿಟ್ ಬಳಸ್ತಿದೀನಿ, ಇಲಿ ಸೀರಮ್‌ನಲ್ಲಿ ಆಸ್ಟಿಯೋಕ್ಯಾಲ್ಸಿನ್ (ಮೂಳೆ ಕಟ್ಟೋ ಕೋಶಗಳು ಬಿಡೋ ಪ್ರೋಟೀನು) ಅಳೆಯೋ ಸ್ಯಾಂಡ್‌ವಿಚ್ ಎಲಿಸಾ, ಅಂದ್ರೆ ಎರಡು ಆಂಟಿಬಾಡಿ ನಡುವೆ ಪ್ರೋಟೀನ್ ಹಿಡಿದು ಅಳೆಯೋದು, ಮಾಮೂಲಿ 96 ವೆಲ್ (ಗುಳಿ) ಪ್ಲೇಟು. ಮೂಳೆ ಕೆಲಸಕ್ಕೆ ಹೊಸದಾಗಿ ಬಂದವ್ರು ಇದನ್ನ ತಗೋಬಹುದಾ ಅಂತ ಕೇಳ್ತಾನೇ ಇರ್ತಾರೆ. ತಗೊಳ್ಳಿ, ಆದ್ರೆ ಒಂದು ಸ್ಟಡಿಗೆ ಬೇಕಾಗೋ ಅಷ್ಟೂ ಪ್ಲೇಟು ಒಂದೇ ಲಾಟ್‌ದು, ಅಂದ್ರೆ ಒಟ್ಟಿಗೆ ತಯಾರಾದ ಒಂದೇ ಬ್ಯಾಚ್‌ದು ಇರ್ಲಿ.

ಇದನ್ನ ಯಾಕಿಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಎರಡನೇ ವರ್ಷ ಸ್ಟಡಿ ಅರ್ಧ ಮುಗಿದಿದ್ದಾಗ ಹೊಸ ಲಾಟ್ ಬಂತು, ಕಂಟ್ರೋಲ್ ಗುಂಪಿನ ರೀಡಿಂಗ್‌ಗಳು ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಇಳಿದೇ ಹೋದ್ವು, ನಾವು ಇಲಿಗಳ ಆಹಾರ ಬದಲಾಗಿದೆಯಾ, ರಕ್ತ ತೆಗೆದ ಹೊತ್ತು ಬೇರೆಯಾಯ್ತಾ ಅಂತೆಲ್ಲ ಹುಡುಕ್ತಾ ಎರಡು ವಾರ ಕಳೆದ್ವಿ. ಕೊನೆಗೆ ಹಳೇ ಲಾಟ್‌ನಲ್ಲಿ ಓದಿದ್ದ ಸೀರಮ್‌ನ ಮುಟ್ಟದೇ ಇಟ್ಟಿದ್ದ ಇನ್ನೊಂದು ಟ್ಯೂಬ್ ತೆಗೆದು ಹೊಸ ಪ್ಲೇಟಲ್ಲಿ ಹಾಕಿದ್ರೆ ಅದೂ ಅಷ್ಟೇ ಕಮ್ಮಿ ಬಂತು. ತಯಾರಕರನ್ನ ಕೇಳಿದ್ರೆ ಎರಡೂ ಲಾಟ್ ನಮ್ಮ ಮಿತಿಯೊಳಗೇ ಇದೆ ಅಂದ್ರು, ಅಷ್ಟೇ. ಬೇಜಾರಾಗಿದ್ದು ಅದಕ್ಕೇ, ಮೊದಲೇ ಒಂದು ಮಾತು ತಿಳಿಸಿದ್ರೆ ಅಷ್ಟು ಸ್ಯಾಂಪಲ್ ಉಳೀತಿತ್ತು. ಅವತ್ತಿಂದ ಕಂಟ್ರೋಲ್ ಇಲಿಗಳ ಸೀರಮ್ ಒಟ್ಟು ಸೇರಿಸಿ, ಪುಟ್ಟ ಪುಟ್ಟ ಟ್ಯೂಬಲ್ಲಿ ಮೈನಸ್ 80ರಲ್ಲಿ ಇಟ್ಟು, ಪ್ರತಿ ಪ್ಲೇಟಿಗೂ ಒಂದೊಂದು ಹಾಕ್ತೀನಿ. ಲಾಟ್ ವ್ಯತ್ಯಾಸ ಹಿಡಿಯೋಕೆ ಕಿಟ್ ಜೊತೆ ಬರೋ ಕಂಟ್ರೋಲ್ ಸ್ಯಾಂಪಲ್ ಸಾಲದು, ಅದೂ ಲಾಟ್ ಜೊತೆಗೇ ಬದಲಾಗತ್ತೆ.

ಮೆಚ್ಚಿದ್ದು ಸ್ಯಾಂಪಲ್ ಕಮ್ಮಿ ಸಾಕು ಅನ್ನೋದು. 25 ಗ್ರಾಂ ಇಲಿಲಿ ಇರೋ ಒಟ್ಟು ರಕ್ತವೇ 2 ಎಂಎಲ್ ಒಳಗೆ, ಬದುಕಿರೋ ಇಲಿಯಿಂದ ಪದೇ ಪದೇ ತೆಗೀಬೇಕಾದ್ರೆ ಒಂದೊಂದು ಮೈಕ್ರೋಲೀಟರೂ ಲೆಕ್ಕ. ಇಲ್ಲಿ ಡೈಲ್ಯೂಟ್ ಮಾಡೇ ಹಾಕೋದ್ರಿಂದ ಬಾಲದಿಂದ ತೆಗೆದಷ್ಟೇ ಸಾಕಾಗತ್ತೆ. ಆದ್ರೆ ಡೈಲ್ಯೂಶನ್ ವಯಸ್ಸು ನೋಡಿ ಇಡಿ, ಬೆಳೀತಿರೋ ಮರಿಗಳಲ್ಲಿ ಆಸ್ಟಿಯೋಕ್ಯಾಲ್ಸಿನ್ ತುಂಬ ಜಾಸ್ತಿ, ದೊಡ್ಡ ಇಲಿಗೆ ಇಟ್ಟ ಡೈಲ್ಯೂಶನ್ನೇ ಇಟ್ರೆ ಸ್ಟ್ಯಾಂಡರ್ಡ್ ಕರ್ವ್ (ಪ್ರಮಾಣ ಗೊತ್ತಿರೋ ಸ್ಟ್ಯಾಂಡರ್ಡ್‌ಗಳಿಂದ ಮಾಡೋ ಅಳತೆ ಗ್ರಾಫ್) ದಾಟಿ ಹೋಗತ್ತೆ. ಕರ್ವ್‌ಗೆ ನೇರ ಗೆರೆ ಎಳೀಬೇಡಿ, ಫೋರ್ ಪ್ಯಾರಾಮೀಟರ್ ಫಿಟ್ (ಎಸ್ ಆಕಾರದ ಗೆರೆ) ಹಾಕಿ. ಎಂಟು ಸ್ಟ್ಯಾಂಡರ್ಡ್, ಎರಡು ಕಂಟ್ರೋಲ್, ಎಲ್ಲಾನೂ ಎರಡೆರಡು ವೆಲ್‌ಗೆ ಹಾಕಿದ್ರೆ ಒಂದು ಪ್ಲೇಟಲ್ಲಿ 38 ಇಲಿ ಕೂರತ್ತೆ, ಗುಂಪುಗಳನ್ನ ಬೆರೆಸಿ ಕೂರಿಸಿ, ಒಂದು ಗುಂಪು ಪೂರ್ತಿ ಅಂಚಿಗೆ ಬೀಳ್ಬಾರ್ದು.

ಕೆಟ್ಟ ರಿಸಲ್ಟ್ ಬಂದಾಗ ಎಲ್ರೂ ಕಿಟ್‌ನ ಬೈತಾರೆ, ನಾನೂ ಬೈದಿದೀನಿ, ಆದ್ರೆ ನಮ್ಮ ಪ್ಲೇಟುಗಳಲ್ಲಿ ಹೆಚ್ಚು ಸಲ ತಪ್ಪಿದ್ದು ರಕ್ತ ತೆಗೆಯೋ ಹಂತದಲ್ಲೇ. ಕೆಂಪಗಾದ ಸೀರಮ್ ಹಾಕ್ಬೇಡಿ, ಕೆಂಪು ರಕ್ತಕಣ ಒಡೆದ್ರೆ ಅದರೊಳಗಿನ ಎಂಜೈಮ್‌ಗಳು ಈ ಪ್ರೋಟೀನನ್ನ ಕತ್ತರಿಸಿ ಹಾಕ್ತಾವೆ, ರೀಡಿಂಗ್ ಸುಳ್ಳೇ ಇಳಿಯತ್ತೆ. ಇಡಿಟಿಎ ಟ್ಯೂಬ್ (ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿರೋದು) ಬಳಸೋ ಮುಂಚೆ ಕಿಟ್ ಹಾಳೆ ಓದಿ, ಆಸ್ಟಿಯೋಕ್ಯಾಲ್ಸಿನ್ ಕ್ಯಾಲ್ಸಿಯಂ ಹಿಡಿದು ಆಕಾರ ತಗೊಳ್ಳೋ ಪ್ರೋಟೀನು, ಇಡಿಟಿಎ ಆ ಕ್ಯಾಲ್ಸಿಯಮ್ಮನ್ನೇ ಎಳ್ಕೊಳ್ಳತ್ತೆ. ಸೀರಮ್ ಪದೇ ಪದೇ ಕರಗಿಸಿ ಫ್ರೀಜ್ ಮಾಡ್ಬೇಡಿ. ರಕ್ತ ಯಾವತ್ತು ತೆಗೆದ್ರೂ ದಿನದ ಒಂದೇ ಹೊತ್ತಿಗೆ ತೆಗೀರಿ.

ಇನ್ನೊಂದು, ಈ ಕಿಟ್ ಟೋಟಲ್ ಆಸ್ಟಿಯೋಕ್ಯಾಲ್ಸಿನ್ ಅಳೆಯತ್ತೆ ಅಷ್ಟೇ. ವಿಟಮಿನ್ ಕೆ ಸಹಾಯದಿಂದ ಕಾರ್ಬಾಕ್ಸಿಲೇಟ್ ಆದದ್ದು (ಕ್ಯಾಲ್ಸಿಯಂ ಹಿಡಿಯೋ ಗುಂಪು ಸೇರಿದ್ದು) ಎಷ್ಟು, ಆಗದೇ ಉಳಿದದ್ದು ಎಷ್ಟು ಅಂತ ಬಿಡಿಸಿ ಹೇಳಲ್ಲ. ಕಾರ್ಬಾಕ್ಸಿಲೇಟ್ ಆಗದ ರೂಪ ಹಾರ್ಮೋನ್ ಥರ ಸಕ್ಕರೆ ನಿಯಂತ್ರಣಕ್ಕೆ ಕೈಹಾಕತ್ತೆ ಅಂತ 2007ರಿಂದ ಮಾತು ಜೋರಾಗಿತ್ತು, 2020ರಲ್ಲಿ ಬೇರೆ ಬೇರೆ ಎರಡು ಲ್ಯಾಬ್ ಆಸ್ಟಿಯೋಕ್ಯಾಲ್ಸಿನ್ ಜೀನ್ ತೆಗೆದ ಇಲಿಗಳಲ್ಲಿ ಅಂಥ ಬದಲಾವಣೆ ಕಾಣ್ಲಿಲ್ಲ ಅಂದ್ವು, ಜಗಳ ಇನ್ನೂ ಮುಗಿದಿಲ್ಲ. ವಾರ್ಫರಿನ್ (ವಿಟಮಿನ್ ಕೆ ಕೆಲಸ ತಡೆಯೋ ಔಷಧಿ) ಅಥವಾ ವಿಟಮಿನ್ ಕೆ ಪ್ರಯೋಗ ನಿಮ್ದಾದ್ರೆ ಈ ಕಿಟ್ ಬೇಡ, ಎರಡು ರೂಪಾನೂ ಬೇರೆ ಬೇರೆ ಹಿಡಿಯೋದು ನೋಡಿ. ಮೂಳೆ ಕಟ್ಟೋದಷ್ಟೇ ಅಲ್ದೆ ಕರಗೋದೂ ಬೇಕಿದ್ರೆ ಪಕ್ಕದಲ್ಲಿ ಸಿಟಿಎಕ್ಸ್ (ಮೂಳೆ ಕರಗುವಾಗ ರಕ್ತಕ್ಕೆ ಬರೋ ಕಾಲಜನ್ ಚೂರು) ಟೆಸ್ಟ್ ಮಾಡಿ.

ಈಗಿರೋ ಲಾಟ್ ಮುಗೀತಾ ಬಂತು, ಒಂದು ಪ್ಲೇಟ್ ತೆಗೆದಿಟ್ಟಿದೀನಿ. ಹೊಸದು ಬಂದ ದಿನಾನೇ ಅದೇ ಹತ್ತು ಸೀರಮ್ ಎರಡರಲ್ಲೂ ಓಡಿಸಿ ನೋಡ್ತೀನಿ, ಆಮೇಲೇ ಮುಂದಿನ ಸ್ಟಡಿ.