ಟರ್ಬೊಸ್ಮಾರ್ಟ್ ಎಫ್‌ಪಿಆರ್ 800 ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್: ಮೂರು ವರ್ಷ, 31,000 ಕಿಲೋಮೀಟರ್, ಒಂದು ಇಲಿ

ನನ್ನದು ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್, 20 ವಾಲ್ವ್, ಟರ್ಬೊ. ಕಂಪನಿಯಿಂದ ಬಂದಾಗ 150 ಎಚ್‌ಪಿ. ಈಗ ಕೆ04 ಟರ್ಬೊ, 550 ಸಿಸಿ ಇಂಜೆಕ್ಟರ್, ಟ್ಯಾಂಕಿನೊಳಗೆ ಗಂಟೆಗೆ 255 ಲೀಟರಿನ ವಾಲ್ಬ್ರೊ ಪಂಪ್, ಜೊತೆಗೆ ಸ್ಟ್ಯಾಂಡ್‌ಅಲೋನ್ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್). ಬೂಸ್ಟ್, ಅಂದರೆ ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ, 1.3 ಬಾರ್. ವಾರದ ದಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳೋದೂ ಇದೇ ಗಾಡಿ, ವರ್ಷಕ್ಕೆ ಎರಡು ಸಲ ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ಓಡೋದೂ ಇದೇ.

ಇಂಜೆಕ್ಟರ್‌ಗೆ ಹೋಗುವ ಪೆಟ್ರೋಲ್‌ನ ಒತ್ತಡ ಹತೋಟಿಯಲ್ಲಿಟ್ಟು, ಹೆಚ್ಚಾದದ್ದನ್ನು ರಿಟರ್ನ್ ಪೈಪ್‌ನಲ್ಲಿ ಟ್ಯಾಂಕಿಗೆ ವಾಪಸ್ ಬಿಡೋದು ಈ ರೆಗ್ಯುಲೇಟರ್ ಕೆಲಸ. ಕೊಂಡದ್ದು 2022ರಲ್ಲಿ. ಕಸ್ಟಮ್ಸ್ ಸೇರಿ ಕೈಗೆ ಬರುವಷ್ಟರಲ್ಲಿ ಸುಮಾರು 24,000 ರೂಪಾಯಿ ಆಗಿತ್ತು. ಮುಷ್ಟಿಯಷ್ಟಿರುವ ಅಲ್ಯೂಮಿನಿಯಂ ಡಬ್ಬಿಗೆ ಇಷ್ಟು ದುಡ್ಡಾ ಅಂತ ಮನೆಯಲ್ಲಿ ಕೇಳಿದರು. ನಾನು ಸುಮ್ಮನಿದ್ದೆ. ಯಾಕಂದ್ರೆ ಅದಕ್ಕೂ ಮುಂಚೆ 3,000 ರೂಪಾಯಿಯ, ಹೆಸರು ದಿಕ್ಕಿಲ್ಲದ ಒಂದು ರೆಗ್ಯುಲೇಟರ್ ಹಾಕಿಸಿ ಕೈ ಸುಟ್ಟುಕೊಂಡಿದ್ದೆ. ಅದು ಮನೆಯಲ್ಲಿ ಗೊತ್ತಿರಲಿಲ್ಲ.

ಆ ಹಳೇ ಮಾಲು ನೋಡೋಕೆ ಫಳಫಳ ಅಂತಿತ್ತು. ಐಡಲ್‌ನಲ್ಲಿ ಸೂಜಿ ಅಲ್ಲಾಡುತ್ತಿರಲಿಲ್ಲ. ಬೂಸ್ಟ್ ಏರಿದಾಗ ಮಾತ್ರ ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಪ್ರೆಶರ್ 3.8 ಬಾರ್‌ಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಇರಬೇಕಾದದ್ದು 4.3. ಎಎಫ್‌ಆರ್ (ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ) 11.8 ಇರಬೇಕಾದ ಕಡೆ 12.9. ನಾವು ಪಂಪ್ ಮೇಲೆ ಅನುಮಾನಪಟ್ಟೆವು, ಫಿಲ್ಟರ್ ಬದಲಾಯಿಸಿದೆವು, ಏನೂ ಆಗಲಿಲ್ಲ. ಕೊನೆಗೆ ನಮ್ಮ ಟ್ಯೂನರ್ ಹುಡುಗ ಡೈನೊ (ಗಾಡಿ ನಿಂತಲ್ಲೇ ಪವರ್ ಅಳೆಯುವ ಯಂತ್ರ) ಮೇಲೆ ರಿಟರ್ನ್ ಪೈಪನ್ನು ಒಂದು ಜೆರ್ರಿ ಕ್ಯಾನ್‌ಗೆ ತಿರುಗಿಸಿದ. ಇನ್ನೊಬ್ಬ ಫೈರ್ ಎಕ್ಸ್‌ಟಿಂಗ್ವಿಷರ್ ಹಿಡಿದು ಪಕ್ಕದಲ್ಲೇ ನಿಂತಿದ್ದ. (ಇದನ್ನು ಮನೆಯಲ್ಲಿ ಮಾಡಬೇಡಿ.) ಫುಲ್ ಬೂಸ್ಟ್‌ನಲ್ಲೂ ಕ್ಯಾನ್‌ಗೆ ಪೆಟ್ರೋಲ್ ಧಾರಾಳವಾಗಿ ಸುರಿಯುತ್ತಿತ್ತು. "ಪಂಪ್ ಬೇಕಾದಷ್ಟು ಕೊಡ್ತಿದೆ ಸಾರ್, ಈ ರೆಗ್ಯುಲೇಟರೇ ವಾಪಸ್ ಬಿಡ್ತಿದೆ" ಅಂದ. ಪಂಪ್ ಸೋತಿದ್ದರೆ ರಿಟರ್ನ್‌ನಲ್ಲಿ ತೊಟ್ಟಿಕ್ಕೋಕೂ ಏನೂ ಇರುತ್ತಿರಲಿಲ್ಲ.

0.5 ಬಾರ್ ತಾನೇ ಅನ್ನಬೇಡಿ. ಇಂಜೆಕ್ಟರ್‌ನ ಒಂದು ಕಡೆಯಿಂದ ಪೆಟ್ರೋಲ್ ಒತ್ತುತ್ತದೆ, ಇನ್ನೊಂದು ಕಡೆಯಿಂದ ಮ್ಯಾನಿಫೋಲ್ಡ್‌ನ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಗಾಳಿ ಎದುರು ಒತ್ತುತ್ತದೆ. ಎಷ್ಟು ಪೆಟ್ರೋಲ್ ಒಳಗೆ ಹೋಗುತ್ತದೆ ಅನ್ನೋದು ಈ ಎರಡರ ನಡುವಿನ ವ್ಯತ್ಯಾಸದ ಲೆಕ್ಕ, ಅದೂ ವರ್ಗಮೂಲದ ಲೆಕ್ಕ. ಬೇಸ್ ಪ್ರೆಶರ್ (ಬೂಸ್ಟೂ ವ್ಯಾಕ್ಯೂಮೂ ಇಲ್ಲದಾಗಿನ ರೈಲ್ ಪ್ರೆಶರ್) 3 ಬಾರ್, ಅಂದರೆ 43.5 ಪಿಎಸ್‌ಐ. ಬೂಸ್ಟ್ ಎಷ್ಟು ಏರಿತೋ ರೈಲ್ ಪ್ರೆಶರ್ ಅಷ್ಟೇ ಏರಬೇಕು. ಐಡಲ್‌ನಲ್ಲಿ ವ್ಯಾಕ್ಯೂಮ್ ಎಷ್ಟಿದೆಯೋ ಅಷ್ಟು ಇಳಿಯಬೇಕು. ಆಗ ವ್ಯತ್ಯಾಸ ಯಾವಾಗಲೂ ಮೂರೇ. ನನ್ನ ಗಾಡಿಯಲ್ಲಿ ಅದು 2.5ಕ್ಕೆ ಇಳಿದಿತ್ತು. 9 ಪರ್ಸೆಂಟ್ ಪೆಟ್ರೋಲ್ ಕಮ್ಮಿ. ಪಿಸ್ಟನ್ ಕರಗಿಸೋಕೆ ಒಳ್ಳೆಯ ಶುರು.

ಹೊಸದು ಆರಿಸುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ದೊಡ್ಡದೇ ತಗೋ. ಇದೇ ಕಂಪನಿಯಲ್ಲಿ 1200, 2000 ಮಾಡೆಲ್‌ಗಳೂ ಇವೆ. ಹೆಸರಿನ ಮುಂದಿನ ನಂಬರ್ ಎಚ್‌ಪಿ ಲೆಕ್ಕದ್ದು. ನನ್ನದು ಚಕ್ರಕ್ಕೆ 248. 800 ಅನ್ನೋದೇ ನನಗೆ ಮೂರುಪಟ್ಟು ಜಾಸ್ತಿ. ನಿಜ ಹೇಳಬೇಕಂದ್ರೆ ಆ ನಂಬರ್‌ಗಿಂತ ನಿಮ್ಮ ಪಂಪ್ ಎಷ್ಟು ತಳ್ಳುತ್ತದೆ, ರಿಟರ್ನ್ ಪೈಪ್ ಎಷ್ಟು ದಪ್ಪ ಇದೆ ಅನ್ನೋದನ್ನು ಮೊದಲು ನೋಡಿ. ರೆಗ್ಯುಲೇಟರ್‌ಗೆ ಅತಿ ಕಷ್ಟದ ಕೆಲಸ ಇರೋದು ಐಡಲ್‌ನಲ್ಲಿ. ಆಗ ಎಂಜಿನ್ ಕುಡಿಯೋದು ಒಂದು ಗುಟುಕು, ಉಳಿದದ್ದೆಲ್ಲ ವಾಪಸ್ ಹೋಗಬೇಕು. ನನ್ನ ಗೆಳೆಯನೊಬ್ಬ 450 ಲೀಟರಿನ ಪಂಪ್ ಹಾಕಿ, ಕಂಪನಿ ರಿಟರ್ನ್ ಪೈಪನ್ನೇ ಉಳಿಸಿಕೊಂಡ. ರೆಗ್ಯುಲೇಟರ್‌ನ ಸ್ಕ್ರೂ ಪೂರ್ತಿ ಬಿಚ್ಚಿದರೂ ಬೇಸ್ ಪ್ರೆಶರ್ 4 ಬಾರ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ಅವನು ಎರಡು ರೆಗ್ಯುಲೇಟರ್ ಬದಲಾಯಿಸಿದ ಮೇಲೆ ಪೈಪ್ ನೋಡಿದ.

ಫಿಟ್ಟಿಂಗ್‌ಗೆ ಒಂದು ದಿನ ಹಿಡಿಯಿತು. ರೈಲ್ ತುದಿಯಲ್ಲಿದ್ದ ಕಂಪನಿ ರೆಗ್ಯುಲೇಟರ್ ಜಾಗಕ್ಕೆ ಅಡಾಪ್ಟರ್ ಬಂತು. ಪೀಣ್ಯದ ಲೇತ್ ಅಂಗಡಿಯಲ್ಲಿ ಬ್ರ್ಯಾಕೆಟ್ ಮಾಡಿಸಿ, ಎಂಜಿನ್ ಅದುರೋದು ತಟ್ಟದ ಹಾಗೆ ಫೈರ್‌ವಾಲ್ ಮೇಲೆ ಕೂರಿಸಿದೆವು. ಪೈಪ್, ಫಿಟ್ಟಿಂಗ್, ಕೂಲಿ ಎಲ್ಲ ಸೇರಿ ಇನ್ನೂ 11,000. ಬೇಸ್ ಸೆಟ್ ಮಾಡೋದು ಸುಲಭ: ವ್ಯಾಕ್ಯೂಮ್ ಹೋಸ್ (ಮ್ಯಾನಿಫೋಲ್ಡ್‌ನಿಂದ ರೆಗ್ಯುಲೇಟರ್‌ಗೆ ಬರುವ ಸಣ್ಣ ಪೈಪ್) ಎಳೆದು ಅದರ ಬಾಯಿ ಮುಚ್ಚಿ, ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಲಾಕ್ ನಟ್ ಸಡಿಲಿಸಿ, ಮೇಲಿನ ಸ್ಕ್ರೂ ತಿರುಗಿಸಿ 3 ಬಾರ್‌ಗೆ ತನ್ನಿ. ಹೋಸ್ ಮತ್ತೆ ಸಿಕ್ಕಿಸಿದರೆ ನನ್ನದು 2.4ಕ್ಕೆ ಇಳಿಯುತ್ತದೆ.

ಮೊದಲ ಬೇಸಿಗೆಯಲ್ಲೇ ಒಂದು ಪೇಚಾಟ. ರೆಗ್ಯುಲೇಟರ್ ಮುಂದೆ ಸಿಕ್ಕಿಸಿದ್ದ ಗ್ಲಿಸರಿನ್ ತುಂಬಿದ ಗೇಜ್, ನಾನು ಬೇರೆ ಕಡೆ ಕೊಂಡದ್ದು, ಮಧ್ಯಾಹ್ನ ಟ್ರಾಫಿಕ್‌ನಿಂದ ಬಂದಾಗ 5 ಪಿಎಸ್‌ಐ ಕಮ್ಮಿ ತೋರಿಸಿತು. ರೆಗ್ಯುಲೇಟರ್ ಹೋಯ್ತು ಅಂದುಕೊಂಡು ಸ್ಕ್ರೂ ಬಿಗಿ ಮಾಡಿ ಪ್ರೆಶರ್ ಏರಿಸಿದೆ. ಮರುದಿನ ಬೆಳಿಗ್ಗೆ ಎಂಜಿನ್ ಕಪ್ಪು ಹೊಗೆ ಉಗುಳಿತು. ಸೀಲ್ ಆದ ಗೇಜ್ ಬಿಸಿಯಾದರೆ ಒಳಗಿನ ಗಾಳಿ, ದ್ರವ ಹಿಗ್ಗಿ ಸೂಜಿ ಕೆಳಗೆ ತೋರಿಸುತ್ತದೆ, ಅಷ್ಟೇ. ಪ್ರೆಶರ್ ಎಲ್ಲೂ ಹೋಗಿರಲಿಲ್ಲ. ಗೇಜ್ ಕಿತ್ತು ಅದೇ ಜಾಗಕ್ಕೆ ಎಲೆಕ್ಟ್ರಾನಿಕ್ ಸೆನ್ಸರ್ ಹಾಕಿ ಇಸಿಯುಗೆ ಕೊಟ್ಟೆ. ಆಗ 4,500 ರೂಪಾಯಿ ದಂಡ ಅನ್ನಿಸಿತ್ತು.

ದಂಡ ಅಲ್ಲ ಅಂತ ತಿಳಿಸಿದ್ದು ಇಲಿ. 2024ರ ಮಳೆಗಾಲ. ನಾಲ್ಕು ದಿನ ಗಾಡಿ ಬೇಸ್‌ಮೆಂಟ್‌ನಲ್ಲಿ ನಿಂತಿತ್ತು. ಆಮೇಲೆ ನೈಸ್ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಒತ್ತಿದೆ. ಎಎಫ್‌ಆರ್ 14 ದಾಟಿತು, ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ನಾಕ್ ಸದ್ದು, ಅಂದರೆ ಪೆಟ್ರೋಲ್ ಸಿಲಿಂಡರ್ ಒಳಗೆ ಹದ ತಪ್ಪಿ ಸಿಡಿಯುವ ಸದ್ದು. ಕಾಲು ತೆಗೆದೆ. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದರೆ ರೆಗ್ಯುಲೇಟರ್‌ಗೆ ಹೋಗುವ ನೀಲಿ ಸಿಲಿಕೋನ್ ವ್ಯಾಕ್ಯೂಮ್ ಹೋಸ್ ಅರ್ಧ ಮಾಯ! ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು, ಬ್ಯಾಟರಿ ಟ್ರೇ ಮೇಲೆ ನೀಲಿ ಚೂರು. ರೆಗ್ಯುಲೇಟರ್‌ಗೆ ಬೂಸ್ಟ್ ಬಂದದ್ದೇ ಗೊತ್ತಾಗಿರಲಿಲ್ಲ. ರೈಲ್ 3 ಬಾರ್‌ನಲ್ಲೇ ನಿಂತಿತ್ತು. ಫುಲ್ ಬೂಸ್ಟ್‌ವರೆಗೆ ಒತ್ತಿದ್ದರೆ ವ್ಯತ್ಯಾಸ 1.7 ಬಾರ್ ಆಗಿ, ಕಾಲು ಭಾಗ ಪೆಟ್ರೋಲ್ ಕಮ್ಮಿ ಆಗುತ್ತಿತ್ತು. ಅರವತ್ತು ರೂಪಾಯಿಯ ಹೋಸ್, ಲಕ್ಷಾಂತರದ ಎಂಜಿನ್.

ಈಗ ಹೋಸ್ ಮೇಲೆ ಸ್ಟೀಲ್ ಜಾಲರಿ ಇದೆ. ಥ್ರಾಟಲ್ ಆದ ಮೇಲಿನ ಮ್ಯಾನಿಫೋಲ್ಡ್‌ನಿಂದ ನೇರ ಬರುತ್ತದೆ, ಗಿಡ್ಡ, ಮಧ್ಯೆ ಒಂದೂ ಟಿ ಜಾಯಿಂಟ್ ಇಲ್ಲ. ಡಂಪ್ ವಾಲ್ವ್, ಬೂಸ್ಟ್ ಗೇಜ್ ಯಾವುದಕ್ಕೂ ಇದರಲ್ಲಿ ಪಾಲಿಲ್ಲ. ಸೆನ್ಸರ್ ಲೆಕ್ಕದಲ್ಲಿ ವ್ಯತ್ಯಾಸ 2.7ಕ್ಕಿಂತ ಕೆಳಗೆ ಬಂದರೆ ಇಸಿಯು ಬೂಸ್ಟ್ ಕತ್ತರಿಸುತ್ತದೆ. ಆ ಸೆನ್ಸರ್ ಮೊದಲೇ ಇತ್ತು. ಈ ಎರಡು ಸಾಲು ಸೆಟ್ಟಿಂಗ್ ಹಾಕೋಕೆ ಇಲಿ ಬರಬೇಕಾಯಿತು.

ರೆಗ್ಯುಲೇಟರ್ ಬಗ್ಗೆ ಹೇಳೋಕೆ ಹೆಚ್ಚೇನೂ ಇಲ್ಲ, ಅದೇ ಅದರ ಗುಣ. ಕರಿಯಲ್ಲಿ ಇಪ್ಪತ್ತು ನಿಮಿಷದ ಸೆಷನ್ ಮುಗಿದ ಮೇಲೂ ಲಾಗ್‌ನಲ್ಲಿ ಬೂಸ್ಟ್ ಗೆರೆ, ರೈಲ್ ಗೆರೆ ಜೋಡೆತ್ತಿನ ಹಾಗೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಬಂಕ್‌ಗಳಲ್ಲಿ ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಟ್ಯೂನ್ ಬದಲಾಯಿಸಬೇಕಾಯಿತು, ಎಥನಾಲ್ ಇಲ್ಲದ ಪೆಟ್ರೋಲ್‌ಗೆ ಹೋಲಿಸಿದರೆ 8 ಪರ್ಸೆಂಟ್ ಹತ್ತಿರ ಜಾಸ್ತಿ ಇಂಧನ ಬೇಕು. ರೆಗ್ಯುಲೇಟರ್ ಮುಟ್ಟಲಿಲ್ಲ. ವರ್ಷಕ್ಕೊಮ್ಮೆ ವ್ಯಾಕ್ಯೂಮ್ ಹೋಸ್ ಬಿಚ್ಚಿ ಮೂಸಿ ನೋಡುತ್ತೇನೆ. ಪೆಟ್ರೋಲ್ ವಾಸನೆ ಬಂದರೆ ಒಳಗಿನ ಡಯಾಫ್ರಮ್ ಹರಿದಿದೆ ಅಂತ ಅರ್ಥ. ಇಲ್ಲಿವರೆಗೆ ಒಣಗಿಯೇ ಇದೆ.

ನಿಮ್ಮದು ಟಿಎಸ್‌ಐ ಥರದ ಡೈರೆಕ್ಟ್ ಇಂಜೆಕ್ಷನ್ ಗಾಡಿಯಾದರೆ ಇದನ್ನು ಕೊಳ್ಳಬೇಡಿ. ಅಲ್ಲಿ ಹೈ ಪ್ರೆಶರ್ ಪಂಪ್‌ದೇ ಬೇರೆ ಸಂಸಾರ. ಕಂಪನಿ ಬೂಸ್ಟ್, ಕಂಪನಿ ಇಂಜೆಕ್ಟರ್ ಇದ್ದರೂ ಬೇಡ. ಸುಮ್ನೆ ಬಾನೆಟ್ ಎತ್ತಿ ತೋರಿಸೋಕೆ 24,000 ಜಾಸ್ತಿ ಆಯಿತು. ಆದರೆ ಕೊಂಡರೆ, ಸೆನ್ಸರ್‌ನ ದುಡ್ಡನ್ನೂ ಆವತ್ತೇ ಪಕ್ಕಕ್ಕಿಡಿ. ಮೊನ್ನೆ ಭಾನುವಾರ ಹೋಸ್ ಎಳೆದು ನೋಡಿದೆ: 3.0.