ಅನುಮಂದ್ರ ಕೇಳಿಸಿತು: ಡಿಕ್ಕಿಯಲ್ಲಿ ಅಡಗಿಸಿದ ಸಬ್‌ವೂಫರ್ ಜೊತೆ ಎರಡು ವರ್ಷ

ಮೊದಲು ಆ ಜುಂಯ್ ಶಬ್ದದ ವಿಷಯ ಹೇಳಿಬಿಡುತ್ತೇನೆ. ಐದು ತಿಂಗಳು ನನ್ನ ತಲೆ ತಿಂದ ಶಬ್ದ ಅದು. ಕಾರಿಗೆ ಸಬ್‌ವೂಫರ್, ಅಂದರೆ ತೀರಾ ಕೆಳಗಿನ ಸ್ವರಗಳಿಗೆ ಅಂತಲೇ ಇರುವ ಸ್ಪೀಕರ್, ಹಾಕಿಸಬೇಕು ಅಂತಿರುವವರು ಬೇರೆ ಏನು ಓದದಿದ್ದರೂ ಇದೊಂದನ್ನು ಓದಿ.

ನನ್ನದು 2017ರ ಟೊಯೊಟಾ 86, ಪುಟ್ಟ ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಇರುವುದು ಅಮೆರಿಕದ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಕಾರಿನ ಬಗ್ಗೆ ಇಲ್ಲಿ ಹೇಳಲು ಹೋಗುವುದಿಲ್ಲ, ಗೊತ್ತಿರುವವರಿಗೆ ಗೊತ್ತು. ಓಡಿಸುವುದಕ್ಕೆ ಇಷ್ಟು ಖುಷಿ ಕೊಡುವ ಕಾರು ನನ್ನ ಬಜೆಟ್ಟಿನಲ್ಲಿ ಇನ್ನೊಂದು ಸಿಗಲಿಲ್ಲ. ಆದರೆ ಇಲ್ಲಿನ ಕಾಂಕ್ರೀಟ್ ಹೈವೇ ಮೇಲೆ ಟೈರಿನ ಮೊರೆತ ಒಳಗೆಲ್ಲ ತುಂಬಿಕೊಳ್ಳುತ್ತದೆ. ಆ ಮೊರೆತ ಜಾಸ್ತಿ ಇರುವುದು ಕೆಳಗಿನ ಸ್ವರಗಳ ಜಾಗದಲ್ಲೇ. ಹಾಗಾಗಿ 65 ಮೈಲಿ ವೇಗ ಮುಟ್ಟಿದ ಕೂಡಲೇ ಹಾಡಿನಲ್ಲಿ ಮೊದಲು ಮಾಯವಾಗುವುದು ಬೇಸ್. ವಾಲ್ಯೂಮ್ ಜಾಸ್ತಿ ಮಾಡಿದರೆ ಹಾಡುವವರ ಗಂಟಲು ಕಿವಿಗೆ ಚುಚ್ಚುತ್ತದೆ, ಮೃದಂಗದ ಎಡಗೈ ಮಾತ್ರ ಬರುವುದೇ ಇಲ್ಲ.

ನನಗೆ ಬೇಕಿದ್ದದ್ದು ಅದು. ಎಡಗೈ. ಮತ್ತೆ ವೀಣೆಯ ನಾಲ್ಕನೇ ತಂತಿ.

ನಮ್ಮಮ್ಮ ಮೈಸೂರಿನಲ್ಲಿ ವೀಣೆ ನುಡಿಸುತ್ತಾರೆ. ಕಚೇರಿ ಕೊಟ್ಟವರಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ, ಮನೆಮಟ್ಟಿಗೆ. ಚಿಕ್ಕವನಿದ್ದಾಗ ನಾನು ಪಕ್ಕದಲ್ಲಿ ಕೂತು ವೀಣೆಯ ಕೊಡದ ಮೇಲೆ ಅಂಗೈ ಇಡುತ್ತಿದ್ದೆ. ಅನುಮಂದ್ರದ ತಂತಿ ಮೀಟಿದಾಗ ಅಂಗೈ ಸಣ್ಣಗೆ ನಡುಗುತ್ತಿತ್ತು. ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಅಂತ ನುಡಿಸುವ ತಂತಿ ನಾಲ್ಕು. ಅಮ್ಮ ಇಟ್ಟುಕೊಳ್ಳುವುದು ಮೂರು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಮೂರನೇ ಬಿಳಿ ಮನೆ. ಆ ಲೆಕ್ಕದಲ್ಲಿ ಸಾರಣಿ ಸುಮಾರು 165 ಹರ್ಟ್ಜ್ (ಸೆಕೆಂಡಿಗೆ 165 ಕಂಪನ), ಅನುಮಂದ್ರ 62ರ ಹತ್ತಿರ. ಬಾಗಿಲಿನಲ್ಲಿರುವ ಪುಟ್ಟ ಸ್ಪೀಕರಿಗೆ ಆ 62 ಅನ್ನುವುದು ದೂರದ ಮಾತು, ಅದೂ ಹೈವೇ ಮೇಲೆ.

ಡಿಕ್ಕಿ ಇರುವುದೇ 195 ಲೀಟರ್ ಹತ್ತಿರ. ಅದರಲ್ಲಿ ದೊಡ್ಡ ಪೆಟ್ಟಿಗೆ ಇಟ್ಟರೆ ಇಂಡಿಯನ್ ಅಂಗಡಿಯಿಂದ ಅಕ್ಕಿ ಎಲ್ಲಿ ತರುವುದು? ಸ್ಟೆಪ್ನಿ ತೆಗೆದು ಅದರ ಗುಂಡಿಯಲ್ಲಿ ಸಬ್ ಕೂರಿಸುವವರು ಬಹಳ ಜನ ಇದ್ದಾರೆ. ಅದಕ್ಕೆ ನನ್ನ ಹೆಂಡತಿ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ರಾತ್ರಿ ಹತ್ತು ಗಂಟೆಗೆ ಹೈವೇ ಪಕ್ಕ ಪಂಕ್ಚರ್ ಆಗಿ ನಿಂತವರಿಗೆ ಸ್ಟೆಪ್ನಿಯ ಬೆಲೆ ಗೊತ್ತು. ಕೊನೆಗೆ ಹಿಂದಿನ ಚಕ್ರದ ಹಿಂದುಗಡೆ, ಡಿಕ್ಕಿಯ ಮೂಲೆಯಲ್ಲಿ ಇರುವ ಖಾಲಿ ಜಾಗಕ್ಕೆ ಸರಿಯಾಗಿ ಫೈಬರ್‌ಗ್ಲಾಸ್ ಪೆಟ್ಟಿಗೆ ಮಾಡಿಸಿದೆ. ಒಳಗೆ ಸುಮಾರು 17 ಲೀಟರ್ ಜಾಗ, ಪೂರ್ತಿ ಮುಚ್ಚಿದ ಪೆಟ್ಟಿಗೆ, 10 ಇಂಚಿನ ತೆಳು ಸಬ್, 250 ವಾಟ್‌ನ ಆಂಪ್ (ಸಬ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್). ಮೇಲೆ ಡಿಕ್ಕಿಯದೇ ಬಣ್ಣದ ಕಾರ್ಪೆಟ್ ಹೊದಿಸಿದ್ದಾರೆ. ಡಿಕ್ಕಿ ತೆಗೆದು ನೋಡಿದವರಿಗೆ ಅಲ್ಲೊಂದು ಸಬ್ ಇದೆ ಅಂತ ಗೊತ್ತಾಗುವುದಿಲ್ಲ. ಕಳ್ಳರ ಕಣ್ಣಿಗೂ ಬೀಳುವುದಿಲ್ಲ. ಅಪಾರ್ಟ್‌ಮೆಂಟಿನ ಬಯಲು ಪಾರ್ಕಿಂಗಿನಲ್ಲಿ ನಿಲ್ಲಿಸುವ ನನಗೆ ಅದು ದೊಡ್ಡ ಸಮಾಧಾನ.

ಮೂಲೆಯಲ್ಲಿ ಅಡಗಿಸಿದರೆ ಶಬ್ದ ಹಿಂದಿನಿಂದ ಬಂದ ಹಾಗೆ ಕೇಳುವುದಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. 80 ಹರ್ಟ್ಜ್ ಸ್ವರದ ಒಂದು ಅಲೆಯ ಉದ್ದ ನಾಲ್ಕು ಮೀಟರಿಗಿಂತ ಜಾಸ್ತಿ, ಹೆಚ್ಚುಕಡಿಮೆ ಕಾರಿನಷ್ಟೇ ಉದ್ದ. ಅಂಥ ಸ್ವರ ಯಾವ ಕಡೆಯಿಂದ ಬಂತು ಅಂತ ಕಿವಿ ಗುರುತು ಹಿಡಿಯಲಾರದು. ಅದರ ಮೇಲಿನ ಸ್ವರಗಳು ಮುಂದಿನ ಬಾಗಿಲಿನಿಂದ ಬರುವುದರಿಂದ ಮೃದಂಗ ಪೂರ್ತಿ ಮುಂದೆಯೇ ಕೂತಂತೆ ಇರುತ್ತದೆ. ಮುಚ್ಚಿದ ಪೆಟ್ಟಿಗೆ ಆರಿಸಿದ್ದಕ್ಕೂ ಕಾರಣ ಇದೆ. ಇಂಥ ಪೆಟ್ಟಿಗೆಯಲ್ಲಿ ಸ್ವರ ಕೆಳಗಿಳಿದಷ್ಟೂ ಶಬ್ದ ನಿಧಾನವಾಗಿ ಕಮ್ಮಿಯಾಗುತ್ತದೆ. ಕಾರಿನ ಒಳಗಿನ ಪುಟ್ಟ ಜಾಗ ಅದೇ ಕೆಳಸ್ವರಗಳನ್ನು ಎತ್ತಿ ಕೊಡುತ್ತದೆ. ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ಇಷ್ಟೆಲ್ಲ ಸರಿ. ಹಾಕಿಸಿದ್ದು ಏಪ್ರಿಲ್‌ನಲ್ಲಿ. ಮೊದಲ ವಾರವೇ ಶುರುವಾಯಿತು ಆ ಶಬ್ದ. ಹಿಂದೆ ಎಲ್ಲೋ, ಸಣ್ಣಗೆ, ಲೋಹಕ್ಕೆ ಲೋಹ ತಾಗಿ ಜುಂಯ್. ಎಲ್ಲ ಹಾಡಿಗೂ ಬರುವುದಿಲ್ಲ. ಸಿನಿಮಾ ಹಾಡು ಹಾಕಿದರೆ ಗೊತ್ತೇ ಆಗುತ್ತಿರಲಿಲ್ಲ. ನಾನು ಯಾವುದಕ್ಕೆ ಅಂತ ಇಷ್ಟು ದುಡ್ಡು ಹಾಕಿದ್ದೆನೋ ಆ ವೀಣೆಗೇ ಬರುತ್ತಿತ್ತು. ಮೈಸೂರಿನ ವಿ. ದೊರೆಸ್ವಾಮಿ ಅಯ್ಯಂಗಾರ್ ಅವರ ಹಳೆಯ ಧ್ವನಿಮುದ್ರಣ ಹಾಕಿ, ಕಣ್ಣು ರಸ್ತೆ ಮೇಲೆ, ಕಿವಿ ಆ ತಂತಿ ಮೇಲೆ. ಅನುಮಂದ್ರ ಬಂತು ಅನ್ನುವಷ್ಟರಲ್ಲಿ ಅದರ ಹಿಂದೆಯೇ ಜುಂಯ್. ಎಷ್ಟು ಸಿಟ್ಟು ಬರುತ್ತಿತ್ತು ಅಂದರೆ ಎರಡು ವಾರ ಸಬ್ ಆಫ್ ಮಾಡಿಯೇ ಓಡಾಡಿದೆ.

ಮೂರು ಶನಿವಾರ ಇದರಲ್ಲೇ ಹೋಯಿತು. ಡಿಕ್ಕಿಯ ಬಾಗಿಲಿಗೆ ಒಳಗಿನಿಂದ ಅದುರುವುದನ್ನು ತಡೆಯುವ ಬ್ಯುಟೈಲ್ ರಬ್ಬರ್ ಶೀಟ್ ಅಂಟಿಸಿದೆ. ನಂಬರ್ ಪ್ಲೇಟ್ ಹಿಂದೆ ಫೋಮ್ ಇಟ್ಟೆ. ಹಿಂದಿನ ಗಾಜಿನ ಕೆಳಗಿನ ಹಲಗೆ ಒತ್ತಿ ಹಿಡಿದು ಕೂರಲು ಹೆಂಡತಿಯನ್ನು ಹಿಂದಿನ ಸೀಟಿಗೆ ತೂರಿಸಿದೆ. ಆ ಸೀಟಿನಲ್ಲಿ ಕಾಲು ಮಡಚಿ ಅರ್ಧ ಗಂಟೆ ಕೂತಿದ್ದಕ್ಕೆ ಅವಳಿಗೆ ನಾನು ಇವತ್ತಿಗೂ ಋಣಿ. ಶಬ್ದ ಹೋಗಲಿಲ್ಲ.

ಹಾಕಿಕೊಟ್ಟ ಅಂಗಡಿಗೆ ಹೋದೆ. ನೋಡುವುದಕ್ಕೇ 60 ಡಾಲರ್ ತಗೊಂಡರು. ಎಲ್ಲ ಕಾರಲ್ಲೂ ಸ್ವಲ್ಪ ಇದ್ದೇ ಇರುತ್ತದೆ, ಬೇಸ್ ಕಮ್ಮಿ ಇಟ್ಟುಕೊಳ್ಳಿ ಅಂದು ಕಳಿಸಿದರು. ವೈರಿಂಗ್ ಮಾತ್ರ ಅವರು ಅಚ್ಚುಕಟ್ಟಾಗಿ ಮಾಡಿದ್ದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಕರೆಂಟಿನ ವೈರು ಒಂದು ಕಡೆ, ಹಾಡಿನ ವೈರು ಇನ್ನೊಂದು ಕಡೆ, ಗ್ರೌಂಡ್ ವೈರಿಗೆ ಬಣ್ಣ ಕೆರೆದು ಬರೀ ಲೋಹಕ್ಕೆ ಬೋಲ್ಟ್. ಎರಡು ವರ್ಷದಲ್ಲಿ ಒಂದು ದಿನವೂ ಎಂಜಿನ್ ಜೊತೆ ಏರಿಳಿಯುವ ಆ ಕುಯ್ ಶಬ್ದ ಸ್ಪೀಕರಿನಲ್ಲಿ ಬಂದಿಲ್ಲ. ಬೇಜಾರಾಗಿದ್ದು ಅವರು ಕಿವಿಗೊಟ್ಟು ಕೇಳಲಿಲ್ಲ ಅನ್ನುವುದಕ್ಕೆ.

ಆಗಸ್ಟ್‌ನಲ್ಲಿ ಇನ್ನೊಂದು ಕಾಟ. ಬಿಸಿಲಿನಲ್ಲಿ ಇಡೀ ದಿನ ನಿಂತ ಕಾರು, ಹೊರಗೆ 40 ಡಿಗ್ರಿ ದಾಟಿತ್ತು. ಆಫೀಸಿನಿಂದ ಹೊರಟು ಕಾಲು ಗಂಟೆಗೆ ಬೇಸ್ ಪೂರ್ತಿ ನಿಂತಿತು. ಆಂಪ್ ಕಾದು ತಾನೇ ಆಫ್ ಆಗಿತ್ತು. ಅಡಗಿಸುವ ಭರದಲ್ಲಿ ಅದನ್ನು ಗಾಳಿಯೇ ಆಡದ ಕಡೆ ಕೂರಿಸಿದ್ದರು. ಹೊದಿಕೆಗೆ ಎರಡು ಜಾಲರಿ ಕಿಂಡಿ ಕೊರೆದು, ಆಂಪ್ ಸುತ್ತ ಎರಡು ಬೆರಳಷ್ಟು ಜಾಗ ಬಿಟ್ಟೆ. ಆಮೇಲಿನ ಬೇಸಿಗೆಯಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಇದು ಅಷ್ಟು ತೊಂದರೆ ಕೊಡಲಿಕ್ಕಿಲ್ಲ. ಕಲಬುರಗಿ, ರಾಯಚೂರಿನ ಕಡೆಯವರು ಆಂಪ್ ಎಲ್ಲಿಡುತ್ತಾರೆ ಅಂತ ಅಂಗಡಿಯವರನ್ನು ಮೊದಲೇ ಕೇಳಿಕೊಳ್ಳಿ.

ಸೆಪ್ಟೆಂಬರ್‌ನಲ್ಲಿ ಅಮ್ಮ ಬಂದರು, ಆರು ತಿಂಗಳಿಗೆ.

ಕಾರಿನೊಳಗೆ ಇಳಿಯುವುದೇ ಅವರಿಗೆ ಕಷ್ಟವಾಯಿತು. "ಇದೇನೋ ಇದು, ಮಣೆ ಮೇಲೆ ಕೂತ ಹಾಗಿದೆಯಲ್ಲೋ" ಅಂದರು. ಕೂತಾದ ಮೇಲೆ ಮಂಡಿ ನೀವಿಕೊಳ್ಳುತ್ತಾ ಸುಮ್ಮನಾದರು. ನಾನೂ ಏನೂ ಹೇಳದೆ ದೊರೆಸ್ವಾಮಿ ಅಯ್ಯಂಗಾರರನ್ನು ಹಾಕಿದೆ. ಎರಡು ಸಿಗ್ನಲ್ ದಾಟಿರಬಹುದು. ಅವರ ಬಲಗೈ ಬೆರಳು ತೊಡೆಯ ಮೇಲೆ ಮೀಟುವ ಹಾಗೆ ಆಡಲು ಶುರುವಾಯಿತು. ಆಮೇಲೆ ಕೈ ನಿಂತಿತು.

"ಅನುಮಂದ್ರ ಕೇಳಿಸ್ತಾ ಇದೆ ಕಣೋ."

"ಹೂಂ ಅಮ್ಮ."

"ಮನೇಲಿ ಟೇಪ್‌ರೆಕಾರ್ಡರಲ್ಲಿ ಇದು ಯಾವತ್ತೂ ಕೇಳಿಸಿರಲಿಲ್ಲ. ನಾವೇ ಮನಸ್ಸಲ್ಲಿ ಸೇರಿಸ್ಕೊಂಡು ಕೇಳ್ತಿದ್ವಿ."

ಈ ಮಾತು ಕೇಳಿ ನನಗೆ ಗಂಟಲು ಕಟ್ಟಿತು. ಒಂದು ನಿಮಿಷ ಬಿಟ್ಟು ಅವರೇ ಅಂದರು, "ಆದ್ರೆ ಹಿಂದೆ ಏನೋ ತಂಬೂರಿಗೆ ಜೀವಾಳಿ ಇಟ್ಟ ಹಾಗೆ ಜುಂಯ್ ಅಂತಿದೆ. ಪಂಚಮ ಬಂದಾಗ ಮಾತ್ರ." ಜೀವಾಳಿ ಅಂದರೆ ತಂಬೂರಿಯ ತಂತಿಯ ಕೆಳಗೆ ಇಡುವ ನೂಲು, ತಂತಿ ಜುಂಯ್ ಅನ್ನುವುದು ಅದರಿಂದ.

ಪಂಚಮ ಬಂದಾಗ ಮಾತ್ರ! ಐದು ತಿಂಗಳು ಕೇಳಿದ್ದೆ, ಈ ಒಂದು ಮಾತು ನನಗೆ ಹೊಳೆದಿರಲಿಲ್ಲ. ಅನುಮಂದ್ರದ ತಂತಿಯನ್ನೂ ಶ್ರುತಿ ಮಾಡುವುದು ಪಂಚಮ ಸ್ವರಕ್ಕೆ, ಅಂದರೆ 'ಪ'ಕ್ಕೆ ತಾನೇ. ಅಂದರೆ ಡಿಕ್ಕಿಯಲ್ಲಿ ಯಾವುದೋ ವಸ್ತು ಅದೊಂದೇ ಸ್ವರಕ್ಕೆ ಜೊತೆ ಕೊಡುತ್ತಿದೆ. ಅವತ್ತು ರಾತ್ರಿ ಫೋನಿನಲ್ಲಿ ಒಂದು ಟೋನ್ ಆ್ಯಪ್ ಹಾಕಿಕೊಂಡು 30 ಹರ್ಟ್ಜ್‌ನಿಂದ ಮೇಲಕ್ಕೆ ನಿಧಾನವಾಗಿ ಏರಿಸುತ್ತಾ ಹೋದೆ. 58ರವರೆಗೆ ಏನೂ ಇಲ್ಲ. 60ಕ್ಕೆ ಶುರು, 62ಕ್ಕೆ ಜೋರು, 65ಕ್ಕೆ ಮಾಯ.

ಯಾವ ವಸ್ತು ಅನ್ನುವುದು ಗೊತ್ತಾಗಿದ್ದು ಶನಿವಾರ. ಇಂಡಿಯನ್ ಅಂಗಡಿಗೆ ಹೋಗಿ 20 ಪೌಂಡಿನ ಸೋನಾ ಮಸೂರಿ ಚೀಲ, ತೊಗರಿಬೇಳೆ, ತೆಂಗಿನಕಾಯಿ ತಂದೆವು. ಹೋಗುವಾಗ ಇದ್ದ ಶಬ್ದ ಬರುವಾಗ ಇಲ್ಲ. ಗಮನಿಸಿದ್ದು ಅಮ್ಮನೇ. ಮನೆ ಮುಂದೆ ನಿಲ್ಲಿಸಿ ಅಕ್ಕಿ ಚೀಲ ಎತ್ತಿ ಕೆಳಗಿಟ್ಟೆ, ಟೋನ್ ಹಾಕಿದೆ. ಜುಂಯ್. ಚೀಲ ವಾಪಸ್ ಇಟ್ಟೆ. ಇಲ್ಲ. ಚೀಲ ಒತ್ತುತ್ತಿದ್ದದ್ದು ಡಿಕ್ಕಿಯ ನೆಲದ ಹಲಗೆಯನ್ನು. ಹಲಗೆ ಎತ್ತಿದರೆ ಕೆಳಗೆ ಸ್ಟೆಪ್ನಿ. ಸ್ಟೆಪ್ನಿಯ ಮೇಲೆ ಸ್ಪ್ಯಾನರ್ ಇರುವ ಚೀಲ ಓರೆಯಾಗಿ ಬಿದ್ದಿತ್ತು. ಅದರ ಬಾಯಿ ಕಟ್ಟಿರಲಿಲ್ಲ. ವೀಲ್ ಸ್ಪ್ಯಾನರಿನ ತುದಿ ಹೊರಗೆ ಬಂದು ಸ್ಟೆಪ್ನಿಯ ಉಕ್ಕಿನ ರಿಮ್ಮಿಗೆ ಕೂದಲೆಳೆಯಷ್ಟು ತಾಗಿಯೂ ತಾಗದ ಹಾಗೆ ನಿಂತಿತ್ತು. ಬೆರಳಿನಿಂದ ತಟ್ಟಿದೆ. ಅದೇ ಶಬ್ದ! ಸಬ್ ಕೂರಿಸುವಾಗ ಎಲ್ಲ ತೆಗೆದವರು ವಾಪಸ್ ಇಡುವಾಗ ಆ ಚೀಲದ ಬಾಯಿ ಕಟ್ಟಿಲ್ಲ, ಅಷ್ಟೇ.

ಸ್ಪ್ಯಾನರನ್ನು ಹಳೆ ಟವೆಲಿನಲ್ಲಿ ಸುತ್ತಿ, ಬಿಗಿಯಾಗಿ ಕಟ್ಟಿ ಜಾಗಕ್ಕೆ ಇಟ್ಟೆ. ಹಲಗೆಯ ಅಂಚಿಗೆ ಒಂದಿಷ್ಟು ಫೋಮ್ ಟೇಪ್. ಖರ್ಚು ಸೊನ್ನೆ. ಅಮ್ಮ ಮೆಟ್ಟಿಲ ಮೇಲೆ ಕೂತು ತೆಂಗಿನಕಾಯಿ ಚೀಲ ಹಿಡಿದುಕೊಂಡು ನೋಡುತ್ತಿದ್ದರು. ಮತ್ತೆ ವೀಣೆ ಹಾಕಿ ಬಾಗಿಲು ತೆಗೆದಿಟ್ಟೆ. ಕತ್ತಲಾಗುವವರೆಗೆ ಅಲ್ಲೇ ಕೇಳಿದೆವು.

ಅಲ್ಲಿಂದ ಈಚೆಗೆ ಈ ಸಬ್ ಮೇಲೆ ನನಗೆ ಪ್ರೀತಿ ಬಂದಿದೆ.

ದಿನಾ ಬೆಳಿಗ್ಗೆ 6:40ಕ್ಕೆ ಹೊರಡುತ್ತೇನೆ. ಬೇಸ್‌ನ ಗುಂಡಿ ಸ್ಟೀರಿಂಗ್ ಕೆಳಗೆ, ಮಂಡಿಯ ಹತ್ತಿರ. ರಾತ್ರಿ ನಿಲ್ಲಿಸುವಾಗಲೇ ಅದನ್ನು ಸೊನ್ನೆಗೆ ತಂದಿರುತ್ತೇನೆ, ಯಾಕೆಂದರೆ ಪಾರ್ಕಿಂಗ್ ಪಕ್ಕದಲ್ಲೇ ಯಾರದ್ದೋ ಮಲಗುವ ಕೋಣೆಯ ಕಿಟಕಿ. ಬೇಸ್ ಗೋಡೆ ದಾಟುತ್ತದೆ, ಮಗು ಮಲಗಿರುತ್ತದೆ. ಗೇಟು ದಾಟಿ ಎಡಕ್ಕೆ ತಿರುಗಿದ ಮೇಲೆ ಗುಂಡಿಯನ್ನು ನಿಧಾನಕ್ಕೆ ಗಡಿಯಾರದ ಒಂಬತ್ತರ ಜಾಗಕ್ಕೆ ತರುತ್ತೇನೆ. ಹೈವೇ ಹತ್ತಿದ ಮೇಲೆ ಹನ್ನೊಂದಕ್ಕೆ. ಅದಕ್ಕಿಂತ ಮೇಲೆ ಹೋಗುವುದು ಬಹಳ ಕಮ್ಮಿ. ಜೋರು ಶಬ್ದಕ್ಕೆ ಹಾಕಿಸಿದ್ದಲ್ಲ ಇದು. ಸಣ್ಣ ವಾಲ್ಯೂಮಿನಲ್ಲಿ ಪೂರ್ತಿ ಸಂಗೀತ ಸಿಗುವುದೇ ಇದರ ಸುಖ. ಮೃದಂಗದ ತೊಪ್ಪಿಗೆ, ಅಂದರೆ ಎಡಗೈ ಕಡೆಯ ಮುಖಕ್ಕೆ, ರವೆ ಹಚ್ಚಿ ಹದ ಮಾಡಿರುತ್ತಾರಲ್ಲ, ಆ ಹದ ಈಗ ಕೇಳುತ್ತದೆ. ಒಬ್ಬೊಬ್ಬರ ಎಡಗೈ ಒಂದೊಂದು ಥರ ಅನ್ನುವುದು ಕಾರಿನಲ್ಲೇ ಗೊತ್ತಾಗುತ್ತದೆ.

ಒಬ್ಬನೇ ದೂರ ಹೋಗುವಾಗ ಹಿಂದಿನ ಸೀಟಿನ ಬೆನ್ನು ಮಡಚುತ್ತೇನೆ. ಡಿಕ್ಕಿಗೂ ಒಳಗಿಗೂ ನಡುವೆ ಇರುವ ತಡೆ ಹೋಗಿ ಬೇಸ್ ಒಮ್ಮೆಲೇ ತುಂಬಿಕೊಳ್ಳುತ್ತದೆ, ಆಗ ಗುಂಡಿಯನ್ನು ಎಂಟಕ್ಕೆ ಇಳಿಸಬೇಕು. ಇನ್ನೊಂದು, ಆಂಪ್ ಮೇಲೆ ಫೇಸ್ (phase) ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ, 0 ಮತ್ತು 180. ಎರಡೂ ಹಾಕಿ ಕೇಳಿ. ನನ್ನ ಕಾರಿನಲ್ಲಿ 0 ಇದ್ದಾಗ ಬಾಗಿಲಿನ ಸ್ಪೀಕರೂ ಸಬ್ಬೂ ಒಂದನ್ನೊಂದು ಅಳಿಸುತ್ತಿದ್ದವು. 180ಕ್ಕೆ ತಿರುಗಿಸಿದ ಮೇಲೆ ಮಂದ್ರ ತುಂಬಿ ಬಂತು. ಇದನ್ನು ಅಂಗಡಿಯವರು ನೋಡಿರಲೇ ಇಲ್ಲ.

ಒಟ್ಟು ಖರ್ಚು 950 ಡಾಲರ್ ಆಯಿತು, ಅದರಲ್ಲಿ 280 ಕೂಲಿ. ನನಗೆ ಅದು ಸಣ್ಣ ಮೊತ್ತವಲ್ಲ, ಒಂದು ವರ್ಷ ಕೂಡಿಟ್ಟಿದ್ದೆ. ತೂಕ 14 ಕಿಲೋ ಜಾಸ್ತಿಯಾಗಿದೆ. ಸ್ಪೋರ್ಟ್ಸ್ ಕಾರಿಗೆ ತೂಕ ಸೇರಿಸುವುದು ಪಾಪ ಅನ್ನುವ ಗೆಳೆಯರಿದ್ದಾರೆ. ತಿರುವಿನಲ್ಲಿ ನನಗೆ ಏನೂ ವ್ಯತ್ಯಾಸ ಕಂಡಿಲ್ಲ. ಎದೆ ನಡುಗುವ ಬೇಸ್ ಬೇಕು ಅನ್ನುವವರಿಗೆ ಈ 10 ಇಂಚು ಸಾಲದು, ಅವರು ಅಡಗಿಸುವ ಆಸೆ ಬಿಟ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಳ್ಳಲಿ. ನನ್ನ ಹಾಗೆ ಡಿಕ್ಕಿಯೂ ಬೇಕು, ಸ್ಟೆಪ್ನಿಯೂ ಬೇಕು, ನಾಲ್ಕನೇ ತಂತಿಯೂ ಬೇಕು ಅನ್ನುವವರು ಧೈರ್ಯವಾಗಿ ಹಾಕಿಸಿ. ದುಡ್ಡು ಕೊಡುವ ಮೊದಲು ಮಾತ್ರ ಅಂಗಡಿಯಲ್ಲೇ ನಿಂತು 30ರಿಂದ 100ರವರೆಗೆ ಟೋನ್ ಹಾಕಿಸಿ ಕೇಳಿ, ಹಲಗೆ ಎತ್ತಿಸಿ ನೋಡಿ.

ಮುಂದಿನ ತಿಂಗಳು ಅಮ್ಮ ಮತ್ತೆ ಬರುತ್ತಿದ್ದಾರೆ. ಮಂಡಿ ನೋವು ಜಾಸ್ತಿಯಾಗಿದೆಯಂತೆ. ಸೀಟಿನ ಮೇಲೆ ಇಡುವುದಕ್ಕೆ ಗಟ್ಟಿ ದಿಂಬು ತಂದಿಟ್ಟಿದ್ದೇನೆ.